ಹಬ್ಬದ ರಜೆ: ಬಿಸಿಯೂಟವೂ ಬಂದ್!
ಒಂದು ಪಾವು ಅಕ್ಕಿ ನಿಮ್ಮದೂ ಇರಲಿ

ಹಬ್ಬ ಬಂತೆಂದರೆ ಬಿ.ಸಿ.ರೋಡಿನಲ್ಲಿ ಕಾಲಿಡಲು ಜಾಗ ಇಲ್ಲ. ಬೆಳ್ತಂಗಡಿ ಪೇಟೆಯಲ್ಲೂ ಅಷ್ಟೇ, ಮೂಡುಬಿದಿರೆಯಲ್ಲೂ ಅಷ್ಟೇ. ಅಂಗಡಿಯವರಿಗೆ ವ್ಯಾಪಾರ, ಮಕ್ಕಳಿಗೆ ರಜೆ. ಆದರೆ ದಸರಾ ರಜೆ ಎಂದರೆ ಶಾಲೆಯ ಬಿಸಿಯೂಟಕ್ಕೂ ರಜೆ. ಇದು ಎಷ್ಟು ಜನರ ತಲೆಗೆ ಹೋಗಿದೆ?

ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ನಮ್ಮ ಕಡೆಗೂ ಬಂತು. ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟನೆಯವರಿಗೆ 150 ಗ್ರಾಂ ಎಂದು ಲೆಕ್ಕ. ಅಂದರೆ ಒಂದು ಕಿಲೋ ಅಕ್ಕಿ ಹತ್ತು ಚಿಕ್ಕ ಮಕ್ಕಳ ಒಂದು ಹೊತ್ತಿನ ಊಟ. ರಜೆ ಎರಡು ವಾರ ನಡೆದರೆ, ಬೀಡಿ ಕಟ್ಟಿ ದಿನ ದೂಡುವ ಮನೆಯಲ್ಲಿ ಅಷ್ಟೂ ಊಟದ ಭಾರ ಅಮ್ಮನ ತಲೆಗೇ.

ಹಾಗೆಂದು ನಮ್ಮೂರಲ್ಲಿ ಕೊಡುವ ಕೈಗೆ ಬರ ಉಂಟೇ? ಖಂಡಿತ ಇಲ್ಲ. 2019ರ ಮಾರ್ಚಿನಲ್ಲಿ ಪೊಳಲಿ ಬ್ರಹ್ಮಕಲಶಕ್ಕೆ ಊರೂರಿಂದ ಹೊರೆಕಾಣಿಕೆ ಬಂತು. ಧರ್ಮಸ್ಥಳದ ಅನ್ನಪೂರ್ಣದಲ್ಲಿ ದಿನವೂ ಸಾವಿರಾರು ಎಲೆ. ಜೈನಕಾಶಿ ಮೂಡುಬಿದಿರೆಗೆ ಆಹಾರದಾನವನ್ನು ಯಾರೂ ಕಲಿಸಬೇಕಾಗಿಲ್ಲ. ಈದುಲ್ ಫಿತ್ರ್ ನಮಾಜಿಗೆ ಮುಂಚೆಯೇ ಫಿತ್ರ್ ಝಕಾತಿನ ಅಕ್ಕಿ ಬಡವರ ಮನೆ ಸೇರಬೇಕೆಂಬುದು ಮುಸ್ಲಿಮರ ಕಟ್ಟಳೆ. ಇಗರ್ಜಿಗಳಲ್ಲಿ ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರಿದ್ದಾರೆ. ದೊಡ್ಡ ಪಟ್ಟಣದವರು 'ಫುಡ್ ಬ್ಯಾಂಕ್' ಎನ್ನುವುದು ಇದನ್ನೇ ತಾನೇ?

ಕೊರತೆ ಇರುವುದು ಒಂದೇ ಕಡೆ. ನಾವು ಕೊಡುವುದೆಲ್ಲ ಹಬ್ಬದ ದಿನವೇ ಬಂದು ಬೀಳುತ್ತದೆ. ಹಬ್ಬದ ಮರುದಿನ ಕೇಳುವವರಿಲ್ಲ. ಅದಕ್ಕೆ ನಾಲ್ಕು ಸುಲಭ ದಾರಿ ಇಲ್ಲಿವೆ. ಯಾರ ಕಿಸೆಗೂ ಭಾರವಲ್ಲ.

ಅಂಗಡಿಯವರಿಗೆ: ಗಲ್ಲದ ಪಕ್ಕ ಒಂದು ಖಾಲಿ ಗೋಣಿ ಇಡಿ. ದಿನಕ್ಕೆ ಇಪ್ಪತ್ತು ಗಿರಾಕಿಗಳು ನೂರು ನೂರು ಗ್ರಾಂ ಹಾಕಿದರೆ ಎರಡು ಕಿಲೋ, ತಿಂಗಳಿಗೆ 60 ಕಿಲೋ. ಆರುನೂರು ಮಕ್ಕಳ ಊಟ! ಹಾಕುವುದಾದರೆ ಕುಚ್ಚಲಕ್ಕಿ ಹಾಕಿ. ಇಲ್ಲಿಯವರ ಗಂಜಿಗೆ ಬೇಕಾದದ್ದು ಅದು. ಅಕ್ಕಿ ಮಾತ್ರ ಸಾಲದು ಮಾರಾಯ್ರೆ. ಉಪ್ಪು, ಮೆಣಸು, ಹುಳಿ, ಹೆಸರುಕಾಳು, ತೆಂಗಿನೆಣ್ಣೆ, ಒಂದು ಸಾಬೂನು, ಇವೂ ಬೇಕು. ಹುಳ ಹಿಡಿದದ್ದು, ತಾರೀಕು ಮೀರಿದ್ದು ಮಾತ್ರ ಬೇಡ. ಬಡವನ ಹೊಟ್ಟೆಯೂ ಹೊಟ್ಟೆಯೇ.

ಬಸ್ಸಿನಲ್ಲಿ ಹೋಗುವವರಿಗೆ: ಸಿದ್ಧಕಟ್ಟೆ ದಾರಿಯಲ್ಲಿ, ವೇಣೂರು ದಾರಿಯಲ್ಲಿ ಓಡುವ ಬಸ್ಸುಗಳಲ್ಲಿ ಪೇಪರ್ ಕಟ್ಟು, ಔಷಧಿ ಪೊಟ್ಟಣ ಹೋಗುವುದಿಲ್ಲವೇ? ಹೇಗೂ ಅದೇ ದಾರಿಯಲ್ಲಿ ಹೋಗುವವರು ನೀವು. ಅಂಗಡಿಯಲ್ಲಿ ತುಂಬಿದ ಐದು ಕಿಲೋ ಚೀಲವನ್ನು ಕೊಂಡೊಯ್ದು ನಿಮ್ಮ ಸ್ಟಾಪಿನಲ್ಲಿ ಇಳಿಸಿದರೆ ಅದೇ ದೊಡ್ಡ ಸಹಾಯ.

ಮದುವೆ, ಗೃಹಪ್ರವೇಶದ ಮನೆಯವರಿಗೆ: ಉಳಿದ ಅನ್ನವನ್ನು ಸಂಜೆಗೆ ಯಾರಿಗಾದರೂ ಕೊಡುವ ಎಂದು ಇಟ್ಟುಕೊಳ್ಳಬೇಡಿ. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕರಾವಳಿಯ ಸೆಕೆಯಲ್ಲಂತೂ ಕೇಳುವುದೇ ಬೇಡ. ಮೊದಲ ಪಂಕ್ತಿ ಏಳುವಾಗಲೇ ಲೆಕ್ಕ ಹಾಕಿ, ಬಡಿಸುವ ಮುಂಚೆ ಬೇರೆ ಪಾತ್ರೆಗೆ ತೆಗೆದು, ಬಿಸಿ ಇರುವಾಗಲೇ ಕಳಿಸಿ. ಅದಕ್ಕಿಂತಲೂ ಸುಲಭ, ಬೇಯಿಸದೆ ಉಳಿದ ಅಕ್ಕಿ, ತರಕಾರಿ, ತೆಂಗಿನಕಾಯಿ ಕೊಡುವುದು.

ಎಲ್ಲರಿಗೂ: ಯಾರಿಗೆ ಬೇಕು ಎಂದು ತಿಳಿಯದಿದ್ದರೆ ಶಾಲೆಯ ಮೇಷ್ಟ್ರನ್ನು, ಅಂಗನವಾಡಿ ಟೀಚರನ್ನು, ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾವ ಮನೆಯ ಒಲೆ ಉರಿಯುತ್ತದೆ, ಯಾವುದು ಉರಿಯುವುದಿಲ್ಲ ಎಂದು ಅವರಿಗೆ ಗೊತ್ತು. ಒಂಟಿ ಮುದುಕಿಯರ ಮನೆಯನ್ನೂ ಅವರೇ ತೋರಿಸಿಯಾರು.

ಕೊನೆಗೊಂದು ಮಾತು. ಎರಡು ಕಿಲೋ ಅಕ್ಕಿ ಕೊಟ್ಟು ನಾಲ್ಕು ಫೋಟೋ ತೆಗೆಸಬೇಡಿ. ರಜೆ ಮುಗಿಸಿ ಶಾಲೆಗೆ ಹೋಗುವ ಮಗುವಿಗೆ ಆ ಪಟ ಚೀಲಕ್ಕಿಂತ ಭಾರ. ಬಾಗಿಲಲ್ಲಿ ಇಟ್ಟು ಬನ್ನಿ, ಸಾಕು.

ದಾಸೋಹಕ್ಕೆ ರಜೆ ಇರಬಹುದು. ಹೊಟ್ಟೆಗೆ ರಜೆ ಕೊಡುವ ಸರಕಾರ ಇನ್ನೂ ಹುಟ್ಟಿಲ್ಲ.