ಅಬಲೂರು: ಕುಂಬಾರಸಾಲೆಯ ಮಾಳಿಯ ಊರು

ಬ್ಯಾಡಗಿ ದಾಟಿ ಹಿರೇಕೆರೂರಿನ ಕಡೆ ಹೊರಟರೆ ಮೆಣಸಿನಕಾಯಿಯ ಘಾಟು ನಿಧಾನಕ್ಕೆ ಹಿಂದೆ ಉಳಿಯುತ್ತದೆ. ಇಕ್ಕೆಲದಲ್ಲೂ ಗೋವಿನಜೋಳ, ಹತ್ತಿ. ಶಿಕಾರಿಪುರದ ಸೀಮೆಯಿಂದ ಇಳಿದು ಬರುವ ಕುಮುದ್ವತಿ ತುಂಗಭದ್ರೆಯನ್ನು ಸೇರಲು ಹರಿದು ಹೋಗುವುದು ಈ ನೆಲದ ಮೇಲೆಯೇ. ಹಾವೇರಿ ಜಿಲ್ಲೆಯ ಈ ದಕ್ಷಿಣದ ಅಂಚಿನಲ್ಲಿ ಎರಡು ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿದೆ: ಅಬಲೂರು, ಮಾಸೂರು. ಒಂದು ಅವ್ವನ ಊರು, ಇನ್ನೊಂದು ಅಪ್ಪನ ಊರು. ಮಗ, ಸರ್ವಜ್ಞ.

ಕತೆ ಹೀಗಿದೆ. ಮಾಸೂರಿನ ಬಸವರಸ ಬ್ರಾಹ್ಮಣ, ಶಿವಭಕ್ತ. ಮಕ್ಕಳಿಲ್ಲದ ಕೊರಗಿನಲ್ಲಿ ಕಾಶಿಗೆ ಹೋಗಿ ವಿಶ್ವನಾಥನಲ್ಲಿ ಬೇಡಿಕೊಂಡ. ಮರಳಿ ಬರುವಾಗ ಅಬಲೂರಿನಲ್ಲಿ ಇರುಳು ಕಳೆಯಬೇಕಾಯಿತು. ತಂಗಿದ್ದು ಕುಂಬಾರಸಾಲೆಯಲ್ಲಿ. ಅಲ್ಲಿದ್ದವಳು ಮಾಳಿ, ಕುಂಬಾರರ ಹೆಣ್ಣುಮಗಳು. ಇಬ್ಬರ ಮನಸ್ಸೂ ಕೂಡಿತು. ಕಾಶಿಯ ಪ್ರಸಾದ ಮಾಸೂರಿನ ಮನೆ ತಲುಪುವ ಮೊದಲೇ ಅಬಲೂರಿನಲ್ಲಿ ಫಲ ಕೊಟ್ಟಿತು. ಹುಟ್ಟಿದ ಕೂಸಿಗೆ ಪುಷ್ಪದತ್ತ ಎಂಬ ಹೆಸರಿತ್ತೆಂದೂ ಮುಂದೆ ಅವನೇ ಸರ್ವಜ್ಞನಾದನೆಂದೂ ಹೇಳುತ್ತಾರೆ. ಅವನ ಕಾಲ 16ನೇ ಶತಮಾನ ಎಂದು ಕೆಲವರು, 17 ಎಂದು ಕೆಲವರು. ಹುಟ್ಟಿನ ಕತೆ ಹೇಳುವ ತ್ರಿಪದಿಗಳು ಅವನವೇ, ಆಮೇಲೆ ಸೇರಿದವೇ ಎಂಬ ಚರ್ಚೆಯೂ ಇದೆ. ಯಾರು ಕಟ್ಟಿದ್ದರೂ ಸರಿ, ಕನ್ನಡನಾಡು ಆ ಕತೆಯನ್ನು ಇಷ್ಟು ಕಾಲ ಕೈಬಿಡದೆ ಕಾಪಾಡಿಕೊಂಡು ಬಂದಿದೆ.

ಕಾಶಿಯ ಆಸರೆ

ಈ ಕತೆಯಲ್ಲಿ ಒಂದು ಮಾತು ನನ್ನನ್ನು ಸದಾ ಕಾಡುತ್ತದೆ. ಇಬ್ಬರು ಮನಸೋತ ಸಂಗತಿಗೆ ಕಾಶಿಯ ದೇವರು ಏಕೆ ಬರಬೇಕಾಯಿತು? ಬ್ರಾಹ್ಮಣ ಗಂಡಸು, ಕುಂಬಾರ ಹೆಣ್ಣು: ಆ ಕಾಲದ ಊರು ಇದನ್ನು ಒಲವು ಎಂದು ಕರೆಯಲು ಅಂಜಿರಬೇಕು. ಹಾಗಾಗಿ ಶಿವನ ವರ, ಶಿವನ ಸಂಕಲ್ಪ ಎಂದು ಹೇಳಿಕೊಂಡಿತು. ಕತೆ ಬದುಕಿ ಉಳಿದದ್ದು ಆ ಆಸರೆಯಿಂದಲೇ. ಆದರೆ ಆಸರೆಯ ಮರೆಯಲ್ಲಿ ಮಾಳಿ ಮಸುಕಾದಳು. ಬಸವರಸನಿಗೆ ಊರಿದೆ, ಕೊರಗಿದೆ, ಯಾತ್ರೆಯಿದೆ. ಮಾಳಿಗೆ ಹೆಸರೊಂದು, ತಿಗರಿ ಇದ್ದ ಒಂದು ಸಾಲೆ, ಅಷ್ಟೆ. ಅವನು ಮಾಸೂರಿನ ದಾರಿ ಹಿಡಿದ ಮೇಲೆ ಬಸುರಿ ಹೆಂಗಸು ಊರಿನ ಮಾತನ್ನು ಹೇಗೆ ಸಹಿಸಿದಳು, ಬಾಣಂತನ ಯಾರು ಮಾಡಿದರು, ಯಾವ ಪದ ಹಾಡಿ ಮಗನನ್ನು ಮಲಗಿಸಿದಳು ಎಂಬುದಕ್ಕೆ ಕತೆಯಲ್ಲಿ ಜಾಗವಿಲ್ಲ.

ಕಲ್ಲಿಗೆ ಸಿಕ್ಕ ಕತೆ

ಹಾಗೆಂದು ಅಬಲೂರು ಕತೆಗಳನ್ನು ಕಲ್ಲಿನಲ್ಲಿ ಬರೆಯಲು ಅರಿಯದ ಊರಲ್ಲ. ಇಲ್ಲಿನ ಸೋಮೇಶ್ವರ ಗುಡಿಯ ಶಾಸನ ನಾಡಿನ ಪ್ರಸಿದ್ಧ ಶಾಸನಗಳಲ್ಲಿ ಒಂದು. ಸುಮಾರು 1200ರ ಹೊತ್ತಿನ ಈ ಬರಹದಲ್ಲಿ ಊರಿನ ಹೆಸರು ಅಬ್ಬಲೂರು. ಆಳಂದದಿಂದ ಹೊರಟು, ಪುಲಿಗೆರೆಯ ಸೋಮನಾಥನನ್ನು ಸೇವಿಸಿ ಇಲ್ಲಿಗೆ ಬಂದ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ ತನ್ನ ತಲೆಯನ್ನೇ ಶಿವನಿಗೆ ಅರ್ಪಿಸಿದ, ಏಳು ದಿನಗಳ ಮೇಲೆ ತಲೆಯನ್ನು ಮರಳಿ ಪಡೆದ, ಕಲಚುರಿ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ ಎಂದು ಶಾಸನ ಸಾರುತ್ತದೆ. ಹಾನಗಲ್ಲಿನ ಕದಂಬ ಕಾಮದೇವನೂ ಅದರಲ್ಲಿ ಬರುತ್ತಾನೆ. ಶಾಸನತಜ್ಞ ಜೆ.ಎಫ್. ಫ್ಲೀಟ್ ಇದನ್ನು ಓದಿ ಪ್ರಕಟಿಸಿದ ಮೇಲೆ ಅಬಲೂರಿನ ಹೆಸರು ವಿದ್ವಾಂಸರ ನಡುವೆ ದೂರದೂರಕ್ಕೆ ಹೋಯಿತು.

ಎರಡು ಧರ್ಮಗಳ ಜಗಳ ಕಲ್ಲಿಗೆ ಏರಿತು. ಎರಡು ಕುಲಗಳ ಕೂಡಿಕೆ ಬಾಯಿಂದ ಬಾಯಿಗೆ ನಡೆಯಿತು.

ಮಗ ತಂದುಕೊಂಡ ಬಳುವಳಿ

ಮಾಳಿಯನ್ನು ಹುಡುಕುವವರು ಮಗನ ಪದಗಳಲ್ಲೇ ಹುಡುಕಬೇಕು. ಸರ್ವಜ್ಞನ ಹೆಸರಿನಲ್ಲಿ ಸಿಕ್ಕಿರುವ ತ್ರಿಪದಿಗಳು ಸುಮಾರು 2,000. ತ್ರಿಪದಿ ಕನ್ನಡದ ಸ್ವಂತ ಮಟ್ಟು. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಅದು ಕಾಣಿಸಿಕೊಂಡಿದೆ. ಅದನ್ನು ಹೊತ್ತು ಸಾಕಿದವರು ಹೆಚ್ಚಾಗಿ ಹೆಂಗಸರು. ನಸುಕಿನಲ್ಲಿ ಬೀಸುವ ಕಲ್ಲಿನ ಗೂಟ ಹಿಡಿದು ಹಾಡುವ ಪದ ತ್ರಿಪದಿ. ತಂದೆಯ ಕಡೆಯಿಂದ ಸಂಸ್ಕೃತದ ವೃತ್ತಗಳು ಸಿಗಬಹುದಾಗಿದ್ದ ಮಗ ಆರಿಸಿಕೊಂಡದ್ದು ತಾಯಂದಿರ ಮಟ್ಟನ್ನು.

ಇನ್ನೂ ಒಂದು ಗುರುತಿದೆ. ಕಾಲಿಟ್ಟು ನಡೆಯುವ ನೆಲ, ಗಂಟಲಿಗೆ ಇಳಿಯುವ ನೀರು, ಕಡೆಗೆ ಒಡಲನ್ನು ಸುಡುವ ಕಿಚ್ಚು ಎಲ್ಲರಿಗೂ ಒಂದೇ ಆಗಿರುವಾಗ ನಡುವೆ ಕುಲಗೋತ್ರ ಎಲ್ಲಿಂದ ಬಂತು ಎಂದು ಅವನು ಕೇಳಿದ್ದು ಕನ್ನಡ ಶಾಲೆಯ ಮಕ್ಕಳಿಗೂ ಗೊತ್ತು. ಮಣ್ಣು, ನೀರು, ಬೆಂಕಿ. ಇವು ಕುಂಬಾರರ ಮನೆಯ ಬಂಡವಾಳ. ಮಣ್ಣನ್ನು ನೀರಿನಲ್ಲಿ ಹದಮಾಡಿ, ತಿಗರಿಗೆ ಏರಿಸಿ, ಆವಿಗೆಯಲ್ಲಿ ಸುಟ್ಟರೆ ಗಡಿಗಿ. ಆ ಗಡಿಗಿ ಎಲ್ಲರ ಮನೆಯ ಒಲೆಗೂ ಹೋಗುತ್ತದೆ. ಮಾಡಿದವರನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸುವ ಕಾಲ ಅದು. ಆ ತ್ರಿಪದಿಯನ್ನು ಕೇಳಿದಾಗಲೆಲ್ಲ ನನಗೆ ಕುಂಬಾರಸಾಲೆಯೇ ಕಣ್ಣಮುಂದೆ ಬರುತ್ತದೆ. ಸರ್ವಜ್ಞ ತನ್ನ ವಾದವನ್ನು ಅವ್ವನ ಕೈಕೆಲಸದಿಂದಲೇ ಎತ್ತಿಕೊಂಡ ಎಂದು ನಾನು ನಂಬುತ್ತೇನೆ.

ನೀನು ಯಾರ ಮಗ ಎಂದು ಕೇಳಿದವರಿಗೆ ಅವನು ತಾನು ಶಿವನ ಮಗ ಎಂದನಂತೆ. ಮನೆ ಬಿಟ್ಟು, ತಿರಿದುಂಡು, ಊರೂರು ಅಲೆದ. ಎರಡು ಊರುಗಳ ಮಗನಿಗೆ ಒಂದೂ ಊರು ಉಳಿಯಲಿಲ್ಲ, ಇಡೀ ನಾಡೇ ಸಿಕ್ಕಿತು.

ಉತ್ತಂಗಿಯವರ ಹುಡುಕಾಟ

ಅಲ್ಲಲ್ಲಿ ಚದುರಿಹೋಗಿದ್ದ ಈ ಪದಗಳನ್ನು ಹುಡುಕಿ ಒಂದೆಡೆ ತಂದವರು ಕ್ರೈಸ್ತ ಪಾದ್ರಿ ಉತ್ತಂಗಿ ಚನ್ನಪ್ಪನವರು. ಓಲೆಗರಿಗಳಿಂದ, ಹಳ್ಳಿಗರ ಬಾಯಿಂದ ಆಯ್ದು 1924ರಲ್ಲಿ ‘ಸರ್ವಜ್ಞನ ವಚನಗಳು’ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬ್ರಾಹ್ಮಣ ಅಪ್ಪ, ಕುಂಬಾರ ಅವ್ವ, ಶಿವನನ್ನು ನೆನೆದ ಮಗ, ಅವನ ಮಾತನ್ನು ಉಳಿಸಿಕೊಟ್ಟ ಕ್ರೈಸ್ತ: ಈ ವಂಶಾವಳಿ ಯಾವ ಒಂದು ಕುಲದ ಅಂಗಳದಲ್ಲೂ ಹಿಡಿಸುವುದಿಲ್ಲ.

ನೆರೆನಾಡಿನಲ್ಲೂ ಇಂಥದೇ ಕತೆಯಿದೆ. ತಿರುವಳ್ಳುವರ್ ಹುಟ್ಟಿದ್ದು ಬ್ರಾಹ್ಮಣ ಭಗವನ್ ಮತ್ತು ಕೆಳಜಾತಿಯೆನಿಸಿಕೊಂಡ ಆದಿ ಎಂಬ ಹೆಣ್ಣಿಗೆ ಎಂದು ತಮಿಳರ ಒಂದು ಐತಿಹ್ಯ ಹೇಳುತ್ತದೆ. 2009ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ವಳ್ಳುವರ್ ಪ್ರತಿಮೆ, ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಕೆಲವೇ ದಿನಗಳ ಅಂತರದಲ್ಲಿ ಅನಾವರಣಗೊಂಡವು. ಎರಡು ರಾಜ್ಯಗಳು ಕೊಟ್ಟು ತಂದುಕೊಂಡದ್ದು ಇಬ್ಬರು ಕವಿಗಳನ್ನು. ಜೊತೆಗೆ ಮಾಳಿಯೂ ಆದಿಯೂ ಹೆಸರಿಲ್ಲದೆ ಗಡಿ ದಾಟಿದರು.

ಅಬಲೂರಿಗೆ ಹೋಗುವವರಿಗೆ

ಸೋಮೇಶ್ವರ ಗುಡಿಯ ಶಾಸನವನ್ನು ತಪ್ಪದೆ ನೋಡಿ. ಎಂಟು ಶತಮಾನ ಬಾಳಿದ ಅಕ್ಷರ ಅದು. ಅಲ್ಲಿಂದ ಮಾಸೂರಿಗೆ ಹೊರಡುವ ಮುನ್ನ ಸ್ವಲ್ಪ ಹೊತ್ತು ಊರಿನಲ್ಲೇ ನಿಲ್ಲಿ. ಪ್ರತಿ ವರ್ಷ ಫೆಬ್ರುವರಿ 20ರ ಸರ್ವಜ್ಞ ಜಯಂತಿಯಂದು ನಾಡೆಲ್ಲ ಮಗನಿಗೆ ಹೂವಿನ ಹಾರ ಬೀಳುತ್ತದೆ, ಕುಂಬಾರ ಸಮುದಾಯ ಅವನನ್ನು ತನ್ನ ಹಿರಿಯನೆಂದು ಮೆರೆಸುತ್ತದೆ. ಆ ಹಿರಿತನ ಬಂದದ್ದು ಅವ್ವನ ಕಡೆಯಿಂದ. ಆದ್ದರಿಂದ ಜೊತೆಯಲ್ಲಿ ಮಕ್ಕಳಿದ್ದರೆ ನೆಲ, ನೀರು, ಕಿಚ್ಚಿನ ಆ ತ್ರಿಪದಿಯನ್ನು ಅಲ್ಲೇ ಹೇಳಿಕೊಡಿ. ಹೇಳಿದವನು ಯಾರು ಎಂದು ಅವರು ಕೇಳಿದರೆ, ಅಬಲೂರಿನ ಮಾಳಿಯ ಮಗ ಎನ್ನಿ.