ಡಯಟ್ ಕ್ಯಾನಿನೊಳಗೆ ಏನಿದೆ?

ನಮ್ಮ ಬಿಡದಿಯಲ್ಲೇ ಕೋಕಾ-ಕೋಲಾ ಘಟಕವಿದೆ; ಆದರೂ ಡಯಟ್ ಕೋಲಾದಲ್ಲಿ ಏನಿದೆ ಎಂದು ರಾಮನಗರ, ಕನಕಪುರದಲ್ಲಿ ಎಷ್ಟು ಜನ ಓದಿದ್ದೇವೆ? ಕ್ಯಾನ್ ತಿರುಗಿಸಿ, ಸಣ್ಣಕ್ಷರ ನೋಡಿ. ಗ್ಯಾಸ್ ತುಂಬಿದ ನೀರು, ಕೆಫೀನ್, ಜೊತೆಗೆ ಸಂಖ್ಯೆಗಳು: 150ಡಿ ಕ್ಯಾರಮೆಲ್ ಬಣ್ಣ, 338 ಫಾಸ್ಫಾರಿಕ್ ಆಮ್ಲ, 951 ಆಸ್ಪರ್ಟೇಮ್. ಈ ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ.

ಹಾಗಾದರೆ ಆಸ್ಪರ್ಟೇಮ್‌ನಿಂದ ಕ್ಯಾನ್ಸರ್ ಬರುತ್ತದೆಯೇ? 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ‘ಕ್ಯಾನ್ಸರ್ ತರಬಹುದಾದವು’ ಎಂಬ ಪಟ್ಟಿಗೆ ಸೇರಿಸಿದ್ದು ನಿಜ, ಆದರೆ ಸಾಕ್ಷ್ಯ ಸೀಮಿತ. ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಸೇವನೆಯ ಮಿತಿ ಬದಲಾಗಲಿಲ್ಲ. ದೊಡ್ಡವರು ಒಂದು ಕ್ಯಾನ್ ಕುಡಿದರೆ ಅದನ್ನು ಮೀರುವುದಿಲ್ಲ. ‘ಸಕ್ಕರೆ ಇಲ್ಲವಲ್ಲ, ತೂಕ ಇಳಿಯುತ್ತದೆ’ ಎನ್ನುವವರಿಗೂ ಉತ್ತರವಿದೆ: ತೂಕ ನಿಯಂತ್ರಣಕ್ಕೆ ಇಂಥ ಸಿಹಿಕಾರಕ ಬೇಡವೆಂದು ಅದೇ ವರ್ಷ ಅದೇ ಸಂಸ್ಥೆ ಹೇಳಿತು. ಹೆದರಬೇಡಿ, ಆದರೆ ಆರೋಗ್ಯಕ್ಕೆಂದು ಕುಡಿಯಲೂ ಬೇಡಿ. ಬಾಯಾರಿದರೆ ನೀರು, ಮಜ್ಜಿಗೆ ಸಾಕು.