8ಬಿ ಎದುರಿನ ಕಿರುಬೆರಳು

ಕೋಲ್ಕತ್ತದ ಜಾದವ್‌ಪುರದ 8ಬಿ ಬಸ್ ನಿಲ್ದಾಣದ ಎದುರು ವಿಶ್ವವಿದ್ಯಾಲಯದ ಗೇಟು. ಸುತ್ತಮುತ್ತ ಜೆರಾಕ್ಸ್, ಡಿಟಿಪಿ, ಬೈಂಡಿಂಗ್. ಅಂಥ ಒಂದು ಇಕ್ಕಟ್ಟಿನ ಅಂಗಡಿಯಲ್ಲಿ ಅಂಟಿನ ವಾಸನೆ, ಮೇಲೆ ಗರಗರ ತಿರುಗುವ ಫ್ಯಾನು, ಥೀಸಿಸ್ ಒಪ್ಪಿಸುವ ಗಡುವು ಮೈಮೇಲೆ ಬಂದ ಹುಡುಗಿಯ ಚಡಪಡಿಕೆ. ಆಪರೇಟರ್ ದಾದಾ ಮಾತ್ರ ನಿರಾಳ. ಕಣ್ಣು ಅವಳ ಕೈಬರಹದ ಮೇಲೆ, ಬೆರಳು ತಮ್ಮ ಪಾಡಿಗೆ ತಾವು.

ನೋಡಬೇಕಾದ್ದು ಅವರ ಕಿರುಬೆರಳನ್ನು. ಕ, ಗ, ಪ ಬಂದಾಗ ಅದಕ್ಕೆ ಬಿಡುವು. ಖ, ಘ, ಫ ಬಂತೋ, ಚಕ್ಕನೆ ಇಳಿದು ಶಿಫ್ಟ್ ಅದುಮುತ್ತದೆ. ಇಂಗ್ಲಿಷಿಗೆ ದೊಡ್ಡಕ್ಷರ ಕೊಡುವ ಕೀಲಿ ಇಲ್ಲಿ ಮಹಾಪ್ರಾಣ ತುಂಬುತ್ತದೆ.

ದಾದಾ ಬೆರಳು ಪಳಗಿಸಿಕೊಂಡ ಇಂಗ್ಲಿಷ್ ಟೈಪ್‌ರೈಟರ್ ಅಟ್ಟದ ಮೇಲೆ ಧೂಳು ಹೊದ್ದು ಕೂತಿದೆ. ಅದರ ಪ್ರತಿ ಕಡ್ಡಿಯ ತುದಿಗೂ ಎರಡೆರಡು ಅಚ್ಚು: ಮೇಲೆ ದೊಡ್ಡಕ್ಷರ, ಕೆಳಗೆ ಚಿಕ್ಕದು. ಶಿಫ್ಟ್ ಒತ್ತಿದರೆ ಕಾಗದ ಸುತ್ತಿದ ಉರುಳೆಯೇ ಮೇಲೇಳಬೇಕು (ಕೆಲವು ಯಂತ್ರಗಳಲ್ಲಿ ಕಡ್ಡಿಗಳ ಬುಟ್ಟಿ ಕೆಳಗಿಳಿಯುತ್ತದೆ). ಆ ಭಾರವೆಲ್ಲ ಕೈಯ ಅತಿ ಬಡಪಾಯಿ ಬೆರಳಿಗೆ! ಅರ್ಧಂಬರ್ಧ ಒತ್ತಿದರೆ ಅಕ್ಷರ ಸಾಲು ಬಿಟ್ಟು ಕೂರುತ್ತದೆ. ಈ ಉಪಾಯ 1878ರ ರೆಮಿಂಗ್ಟನ್ ನಂಬರ್ 2ರದು; ಅದರ ಹಿಂದಿನ ಮಾದರಿಗೆ ದೊಡ್ಡಕ್ಷರ ಬಿಟ್ಟರೆ ಬೇರೆ ಗೊತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಏನೂ ಏಳುವುದಿಲ್ಲ, ಇಳಿಯುವುದಿಲ್ಲ. ಶಿಫ್ಟ್ ಒತ್ತಿದಾಗ ಒಂದು ಸಂಕೇತ, ಬಿಟ್ಟಾಗ ಇನ್ನೊಂದು. ನಡುವೆ ಯಾವ ಕೀಲಿ ಬಿದ್ದರೂ ಅದರ ಎರಡನೆಯ ಅಕ್ಷರ.

ದಾದಾ ಬಳಸುವುದು ಇನ್‌ಸ್ಕ್ರಿಪ್ಟ್, 1991ರ ಭಾರತೀಯ ಮಾನಕದೊಳಗೆ ಸೇರಿದ ವಿನ್ಯಾಸ. ಅದರಲ್ಲಿ ಬಂಗಾಳಿಯ ಕ ಇರುವ ಕೀಲಿಯಲ್ಲೇ ಕನ್ನಡದ ಕ. ಒಪ್ಪಿಗೆ ಕೇಳಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಟ್ಟೆ. "ಏನು ಬರೆಯಲಿ, ದಾದಾ?" ಎಂದು ನನ್ನನ್ನೇ ಕೇಳಿದರು. ಊಟದ ಹೊತ್ತು, ಬೆರಳಿಗೆ ತಾನಾಗಿ ಬಂದದ್ದು ಅನ್ನ. ಶಿಫ್ಟ್ ಹಿಡಿದು ಒಂದು ಕೀಲಿ, ಬಿಟ್ಟು ಎರಡು. ಪರದೆಯ ಮೇಲೆ 'ಭಾತ'! ಕನ್ನಡದ ಒಂದಕ್ಷರವೂ ಓದಲು ಬಾರದವರು ಕಾಗುಣಿತ ತಪ್ಪದೆ ಬರೆದಿದ್ದರು. ಹುಡುಗಿಯೂ ಗಡುವು ಮರೆತು ಬಗ್ಗಿ ನೋಡಿದಳು.

ಪಕ್ಕದ ಯಂತ್ರದ ಹುಡುಗನಿಗೆ ಇದ್ಯಾವುದೂ ಬೇಡ. ಅವನದು ಢಾಕಾ ಕಡೆಯಿಂದ 2003ರಲ್ಲಿ ಬಂದ ಅವ್ರೊ ತಂತ್ರಾಂಶ. ಘ ಬೇಕೆಂದರೆ ಇಂಗ್ಲಿಷಿನ ಜಿ, ಎಚ್ ಕುಟ್ಟುತ್ತಾನೆ. ಶಿಫ್ಟ್ ಹಿಡಿದು ಟಿ ಒತ್ತಿದರೆ ಅವನಿಗೆ ಟ. ಅದೇ ಒತ್ತಿಗೆ ನಮ್ಮ 'ನುಡಿ'ಯಲ್ಲಿ ಥ. ನನ್ನ ಬೆರಳು ದಾದಾ ಯಂತ್ರಕ್ಕಾದರೆ ಒಂದು ದಿನದಲ್ಲಿ ಒಗ್ಗೀತು, ಇವನದಕ್ಕೆ ಜಪ್ಪಯ್ಯ ಅಂದರೂ ಇಲ್ಲ.